ಸರ್ವರ್‌ಗೆ ಬೂಟ್ ಆಗ್ತಿಲ್ಲ

ನೋಂದಣಿ ಕಚೇರಿಯ ದಾಖಲೆ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕಚೇರಿಯಲ್ಲಿ, ಬೀದಿಯಲ್ಲಿ, ಬರಬರುತ್ತಾ ಮನೆಯಲ್ಲೂ ಅವನು ಬೀಗಣ್ಣನೇ ಆಗಿಹೋಗಿದ್ದ. ಕಾರಣ ಎರಡು. ಕಂಪ್ಯೂಟರ್ ಕೋಣೆಯ ಬೀಗದ ಕೈ ಸದಾ ಅವನ ಸೊಂಟದಲ್ಲಿ ಜೋತಾಡುತ್ತಿತ್ತು. ಅದು ಜೋತಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅವನು ಸದಾ ಬೀಗುತ್ತಿದ್ದ.

ಆ ಕೋಣೆಯೊಳಗೆ ಸರ್ವರ್ ಎಂಬ ಕರಿ ಪೆಟ್ಟಿಗೆ ಇತ್ತು. ಊರಿನಲ್ಲಿ ಹುಟ್ಟಿದವರು, ಸತ್ತವರು, ಇವೆರಡರ ನಡುವೆ ಮದುವೆಯಾದವರು, ಎಲ್ಲರೂ ಅದರ ಹೊಟ್ಟೆಯಲ್ಲಿದ್ದರು. ಬೀಗಣ್ಣನಿಗೂ ಅದಕ್ಕೂ ಇದ್ದ ಸಂಬಂಧ ವಾರಕ್ಕೆ ನಾಲ್ಕು ನಿಮಿಷದ್ದು. ಪ್ರತಿ ಶುಕ್ರವಾರ ಅವನು ಕೈ ತೊಳೆದುಕೊಂಡು ಒಳಗೆ ಹೋಗಿ, ಬ್ಯಾಕಪ್ ತುಂಬಿಕೊಂಡ ಡಿಸ್ಕನ್ನು ಕಿತ್ತು, ಇನ್ನೊಂದನ್ನು ಸಿಕ್ಕಿಸಿ, ಕಿತ್ತದ್ದರ ಮೇಲೆ ದುಂಡಗಿನ ಅಕ್ಷರದಲ್ಲಿ ತಾರೀಕು ಬರೆದು ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದ. ಬ್ಯಾಕಪ್ ಎಂದರೆ ಪೆಟ್ಟಿಗೆಯಲ್ಲಿ ಇರುವುದರ ನಕಲು ಎಂಬುದು ಅವನಿಗೆ ಗೊತ್ತಿತ್ತು. ಆ ನಕಲಿನಿಂದ ಮತ್ತೆ ಅಸಲು ಮಾಡುವುದು ಹೇಗೆಂಬುದು ಗೊತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲೂ ಇಲ್ಲ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬೀಗಣ್ಣನಿಗೆ ಮಾವನೊಬ್ಬ ಇದ್ದ. ಮಾವನಿಗೆ ಮುಖ್ಯ ಬೀದಿಯಲ್ಲಿ ಪಾದರಕ್ಷೆಯ ಅಂಗಡಿ ಇತ್ತು. ಊರಿನ ಅರ್ಧ ಜನ ಅವರ ಮುಂದೆ ಒಂದಲ್ಲ ಒಂದು ದಿನ ಒಂದು ಕಾಲಿನಲ್ಲಿ ನಿಂತವರೇ. ಹಾಗೆ ಒಂಟಿ ಕಾಲಲ್ಲಿ ನಿಂತವರು ಓಡಿಹೋಗಲಾರರಾದ್ದರಿಂದ ಮಾವ ಅವರಿಗೆ ತಮ್ಮ ಕುಟುಂಬದ ವಿಷಯವನ್ನೆಲ್ಲ ಹೇಳಿ ಮುಗಿಸುತ್ತಿದ್ದರು. ಒಂದು ಭಾನುವಾರ ಅಂಗಡಿಯಲ್ಲಿ ಕೂತಿದ್ದ ಅಳಿಯನನ್ನು ಅವರು ಕೇಳಿದರು.

"ಅಳಿಯಂದಿರೇ, ಕಚೇರೀಲಿ ನಿಮ್ಮ ಕೆಲಸ ಏನು ಅಂತ ನಾನು ಇವತ್ತಿಗೂ ಸರಿಯಾಗಿ ಕೇಳಿಲ್ಲ ನೋಡಿ."

ಬೀಗಣ್ಣ ಬೀಗದ ಕೈಯನ್ನು ಒಮ್ಮೆ ಝಣ್ ಅನ್ನಿಸಿ ಹೇಳಿದ: "ಸರ್ವರ್ ಪೂರ್ತಿ ನನ್ನ ಕೈಲೇ ಮಾವ. ಈ ಊರಲ್ಲಿ ಯಾರು ಬದುಕಿದಾರೆ, ಯಾರು ಇಲ್ಲ ಅನ್ನೋದು ನಾನು ಹೇಳಿದ ಮೇಲೇನೇ."

ಹೊಸ ಚಪ್ಪಲಿ ಮೆಟ್ಟಿ ನೋಡುತ್ತಿದ್ದ ಗಿರಾಕಿಯೊಬ್ಬ ಇದನ್ನು ಕೇಳಿ ಗಾಬರಿಯಿಂದ ಬೀಗಣ್ಣನಿಗೆ ನಮಸ್ಕಾರ ಹಾಕಿದ.

ಹದಿನೈದೇ ದಿನದಲ್ಲಿ ಸುದ್ದಿ ಬೆಳೆದು ದೊಡ್ಡದಾಯಿತು. ಬೀಗಣ್ಣನ ಮೇಲಧಿಕಾರಿ, ಅಂದರೆ ನೋಂದಣಾಧಿಕಾರಿ ಸಾಹೇಬರು, ಷೂ ಕೊಳ್ಳಲು ಹೋದಾಗ ಮಾವ ಅವರ ಹಿಮ್ಮಡಿ ಹಿಡಿದುಕೊಂಡೇ "ನಿಮ್ಮ ಕಚೇರಿಯ ಕಂಪ್ಯೂಟರ್ರೆಲ್ಲ ನಮ್ಮ ಅಳಿಯನೇ ಕಟ್ಟಿದ್ದಂತಲ್ಲ ಸಾರ್" ಅಂದರು. ಸಾಹೇಬರು ನಂಬಿದರು. ನಂಬಿದರೆ ಅನುಕೂಲವೂ ಇತ್ತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ತಂತ್ರಜ್ಞೆ ಹೆರಿಗೆ ರಜೆಯ ಮೇಲೆ ಹೋಗಿದ್ದಳು. ಅವಳ ಜಾಗಕ್ಕೆ ಬೇರೆ ಯಾರೂ ಬೇಕಾಗಿಲ್ಲ ಎಂದು ಅವರು ಮೇಲಕ್ಕೆ ಕಾಗದ ಬರೆದುಬಿಟ್ಟರು.

ಅದಾಗಿ ಎರಡು ತಿಂಗಳಿಗೆ, ಒಂದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ, ಕಂಪ್ಯೂಟರ್ ಕೋಣೆಯಿಂದ ಸುಟ್ಟ ವಾಸನೆ ಬಂತು.

ಮೊದಲು ಮೂಗಿಗೆ ಬಿದ್ದದ್ದು ಜವಾನನಿಗೆ. ಅರವತ್ತರ ಹತ್ತಿರದ ಮನುಷ್ಯ, ಕಿವಿ ಸ್ವಲ್ಪ ಮಂದ, ಮೂಗು ಮಾತ್ರ ಬಲು ಚುರುಕು. "ಯಾರದೋ ಊಟದ ಡಬ್ಬಿ ಸೀದುಹೋಯ್ತು" ಎಂದು ಅವನು ಕೂಗಿದ. ಬೀಗಣ್ಣ ಓಡಿಹೋಗಿ ಬೀಗ ತೆಗೆದ. ಕರಿ ಪೆಟ್ಟಿಗೆಯ ದೀಪಗಳೆಲ್ಲ ಆರಿದ್ದವು. ಒಂಬತ್ತು ವರ್ಷ ಗುಂಯ್‌ಗುಡುತ್ತಿದ್ದ ಫ್ಯಾನು ನಿಂತಿತ್ತು. ಹಿಂದಿನ ಕಿಂಡಿಯಿಂದ ಎಳೆ ಹೊಗೆ ಬಹಳ ವಿನಯದಿಂದ ಹೊರಬರುತ್ತಿತ್ತು. ಹೊರಗಿನ ಹಾಲಿನಲ್ಲಿ ನಾಲ್ಕು ಮೇಜುಗಳ ಪರದೆಗಳೂ ಒಟ್ಟಿಗೇ ಸ್ತಬ್ಧವಾದವು.

ಸಾಹೇಬರು ಬಂದು ಇಣುಕಿದರು. ಅವರ ಮುಖದಲ್ಲಿ ಕಳವಳವೇ ಇರಲಿಲ್ಲ.

"ಏನ್ರೀ ಬೀಗಣ್ಣ, ಎಷ್ಟು ಹೊತ್ತಾಗುತ್ತೆ?"

"ಏನು ಸಾರ್?"

"ಸರಿಮಾಡೋಕೆ. ನೀವೇ ಕಟ್ಟಿದ್ದಲ್ವಾ."

ಬೀಗಣ್ಣ ಬಾಯಿ ತೆರೆದ. ನಿಜ ಹೇಳಲು ಅದು ಒಳ್ಳೆಯ ಮುಹೂರ್ತವಾಗಿತ್ತು. ಅಷ್ಟರಲ್ಲಿ ಸಾಹೇಬರ ಹಿಂದಿನಿಂದ ಕನ್ನಡಕದ ಹೆಂಗಸೊಬ್ಬರು ಮುಂದೆ ಬಂದರು. ಅವರು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ವಯಸ್ಸು ಐವತ್ತೆರಡು, ಅಂದಿನ ವಧು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಕೋಟಿನೊಳಗೆ ಸಣ್ಣಗೆ ನಿಂತಿದ್ದವರು ವರ. ಅವರು ಗಡಿಯಾರ ರಿಪೇರಿ ಮಾಡುವವರು.

"ನೋಡಿ ಇವರೇ," ಎಂದರು ಟೀಚರಮ್ಮ, "ನಾವು ಮದುವೆಗೆ ನೋಟೀಸ್ ಕೊಟ್ಟಿದ್ದು ನಿಮ್ಮ ಕಂಪ್ಯೂಟರಿನಲ್ಲಿದೆ. ಅದರ ಅವಧಿ ಇವತ್ತು ಐದು ಗಂಟೆಗೆ ಮುಗಿಯುತ್ತೆ. ಮುಗಿದರೆ ಹೊಸ ನೋಟೀಸು, ಮತ್ತೆ ಒಂದು ತಿಂಗಳು. ನನಗೆ ಕಾಯೋಕೆ ತೊಂದರೆ ಇಲ್ಲ. ತೊಂದರೆ ಇವರದ್ದು. ನನ್ನನ್ನ ಕೇಳೋಕೆ ಇವರಿಗೆ ಆರು ವರ್ಷ ಬೇಕಾಯ್ತು. ಮಧ್ಯೆ ಒಂದು ತಿಂಗಳು ಸಿಕ್ಕಿದರೆ ಮತ್ತೆ ಯೋಚನೆ ಮಾಡೋಕೆ ಕೂತುಬಿಡ್ತಾರೆ."

"ಹಾಗೇನಿಲ್ಲ..." ಎಂದರು ಗಡಿಯಾರದವರು, ಯೋಚಿಸುತ್ತಾ.

"ನೋಡಿದಿರಾ?" ಎಂದರು ಟೀಚರಮ್ಮ.

ಬೀಗಣ್ಣನ ತೆರೆದ ಬಾಯಿಂದ "ಆಯ್ತಮ್ಮ, ಐದರೊಳಗೆ ಆಗುತ್ತೆ" ಎಂಬ ಮಾತು ತಾನಾಗಿಯೇ ಹೊರಬಿತ್ತು. ಆಮೇಲೆ ಅವನು ಕೋಣೆಯೊಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ತಂತ್ರಜ್ಞೆಗೆ ಫೋನ್ ಹಚ್ಚಿದ.

"ಮೇಡಂ! ನಾನು ಬೀಗಣ್ಣ! ಸರ್ವರ್..."

"ಶ್!" ಆ ಕಡೆಯಿಂದ ಉಸಿರಿನಷ್ಟೇ ಸಣ್ಣ ದನಿ ಬಂತು. "ಅಣ್ಣ, ಮೆಲ್ಲಗೆ. ಮಗು ನನ್ನ ತೋಳ ಮೇಲೆ ಈಗಷ್ಟೇ ಮಲಗಿದೆ. ಮೂರು ದಿನ ಆಯ್ತು ಅದು ನೆಟ್ಟಗೆ ಮಲಗಿ. ಅದೇನಾದ್ರೂ ಎದ್ರೆ ನಾನು ಫೋನ್ ಇಟ್ಟುಬಿಡ್ತೀನಿ. ಆಮೇಲೆ ನೀವುಂಟು, ನಿಮ್ಮ ಸರ್ವರ್ ಉಂಟು."

ಬೀಗಣ್ಣ ಪಿಸುಗುಟ್ಟುತ್ತಾ ನಡೆದದ್ದೆಲ್ಲ ಹೇಳಿದ. ಅವಳು ಪಿಸುಗುಟ್ಟುತ್ತಾ ಕೇಳಿದಳು. ಹಳೇ ಪೆಟ್ಟಿಗೆಯ ಕಥೆ ಮುಗಿದಿದೆ, ಅದನ್ನು ಮುಟ್ಟಬೇಡಿ. ನಾಲ್ಕು ವರ್ಷದ ಹಿಂದೆ ಬಂದ ಬೇರೆ ಕಂಪನಿಯ ಸರ್ವರ್ ಒಂದಿತ್ತಲ್ಲ, ಅದೆಲ್ಲಿ?

ಅದು ಹಾಲಿನ ಮೂಲೆಯಲ್ಲಿ, ರಟ್ಟಿನ ಡಬ್ಬಿಯನ್ನೂ ಬಿಚ್ಚದೆ, ಜವಾನನ ಆಸನವಾಗಿತ್ತು. ಜವಾನನನ್ನು ಎಬ್ಬಿಸಿ ಅದನ್ನು ಬಿಚ್ಚಿ ಹಾಲಿನ ನಡುವಿನ ಮೇಜಿನ ಮೇಲೆ ಇಟ್ಟರು. ಮೇಜಿನ ಮೇಲೆ ಜಾಗ ಸಾಲದೆ ಬೀಗಣ್ಣ ಫೋನನ್ನು ಸ್ಪೀಕರಿಗೆ ಹಾಕಿ, ಅದನ್ನು ಹೂವಿನ ಹಾಗೆ ಎರಡು ಫೈಲುಗಳ ಮೇಲೆ ಮಲಗಿಸಿದ. ಫೋನು ಸ್ಪೀಕರಿನಲ್ಲಿ ಇರುವುದರಿಂದ ಹಾಲಿನಲ್ಲಿ ಯಾರೂ ಸದ್ದು ಮಾಡುವಂತಿಲ್ಲ ಎಂದು ತೀರ್ಮಾನವಾಯಿತು.

ಈ ತೀರ್ಮಾನವನ್ನು ಜಾರಿಗೆ ತಂದವರು ಟೀಚರಮ್ಮ. ಅವರು ಸಾಲಿನಲ್ಲಿ ನಿಂತಿದ್ದ ಮೂವತ್ತು ಜನರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಮೂವತ್ತೂ ಜನ ಎಂದೋ ಶಾಲೆಗೆ ಹೋದವರೇ ಆದ್ದರಿಂದ ತಟ್ಟನೆ ಕೈಕಟ್ಟಿ ನಿಂತರು. ಸಾಹೇಬರು ಮುದ್ರೆ ಒತ್ತಲು ಕೈ ಎತ್ತಿದವರು ಆ ಕನ್ನಡಕ ತಮ್ಮ ಕಡೆ ತಿರುಗಿದ್ದು ಕಂಡು, ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಮುದ್ರೆಯನ್ನು ಕಾಗದದ ಮೇಲೆ ಮಗುವಿಗೆ ಬೊಟ್ಟು ಇಡುವ ಹಾಗೆ ಇಟ್ಟರು. ಸರ್ಕಾರಿ ಕಚೇರಿಯೊಂದು ಅಷ್ಟು ಶಾಂತವಾಗಿದ್ದುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಬೀರುವಿನ ಒಳಬಾಗಿಲಿಗೆ ನಕಲನ್ನ ಅಸಲು ಮಾಡೋ ಪೆನ್ ಡ್ರೈವ್ ಒಂದನ್ನ ಅಂಟಿಸಿದೀನಿ, ತಗೊಳ್ಳಿ," ಎಂದಿತು ಫೋನು. "ಆಮೇಲೆ ಹೋದ ಶುಕ್ರವಾರದ ಡಿಸ್ಕು. ಅಣ್ಣ, ನಿಜ ಹೇಳಿ, ಡಿಸ್ಕು ಬದಲಾಯಿಸಿದೀರಿ ತಾನೆ?"

ಬೀಗಣ್ಣನಿಗೆ ಆ ದಿನ ಎದೆಯುಬ್ಬಿಸಿ ಉತ್ತರ ಕೊಡಬಹುದಾದ ಪ್ರಶ್ನೆ ಅದೊಂದೇ. "ಒಂದು ವಾರಾನೂ ತಪ್ಪಿಲ್ಲ ಮೇಡಂ. ಮೈಯಲ್ಲಿ ಜ್ವರ ಇದ್ದಾಗಲೂ ಬಂದು ಹಾಕಿದೀನಿ."

"ಹಾಗಾದ್ರೆ ಊರು ಉಳೀತು," ಎಂದಳು ಅವಳು.

ಹನ್ನೊಂದು ಗಂಟೆಗೆ ನಕಲು ಹೊಸ ಪೆಟ್ಟಿಗೆಯೊಳಗೆ ಇಳಿಯಲು ಶುರುವಾಯಿತು. ಪರದೆಯ ಮೇಲೆ ಒಂದು ಹಸಿರು ಪಟ್ಟಿ, ಪಕ್ಕದಲ್ಲಿ ಶೇಕಡಾ ಒಂದು, ಎರಡು, ಮೂರು. ಇಡೀ ಹಾಲು ಅದನ್ನು ನೋಡುತ್ತಾ ಕೂತಿತು. ಐವತ್ತಕ್ಕೆ ಬಂದಾಗ ಯಾರೋ ಚಪ್ಪಾಳೆ ತಟ್ಟಲು ಹೋಗಿ, ಕನ್ನಡಕ ಕಂಡು, ಕೈಗಳನ್ನು ಗಾಳಿಯಲ್ಲೇ ನಿಲ್ಲಿಸಿದರು. ಒಂದು ಗಂಟೆಗೆ ನೂರು ಮುಟ್ಟಿತು. ಬೀಗಣ್ಣ ಪೆನ್ ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಚಾಲೂ ಮಾಡಿದ. ಕಪ್ಪು ಪರದೆಯ ಮೇಲೆ ಒಂದು ಬಿಳಿ ಸಾಲು ಮೂಡಿತು.

"ಮೇಡಂ, ಬೂಟ್ ಮಾಡೋಕೆ ಏನೂ ಸಿಗಲಿಲ್ಲ ಅಂತಿದೆ," ಎಂದು ಬೀಗಣ್ಣ ಪಿಸುಗುಟ್ಟಿದ. ಎರಡು ಗಂಟೆ ಕಾದು ತುಂಬಿಸಿದ್ದೆಲ್ಲ ಎಲ್ಲಿ ಹೋಯಿತೆಂದು ಅವನು ಪರದೆಯ ಹಿಂದೆಯೂ ಇಣುಕಿದ.

"ಗಾಬರಿಯಾಗಬೇಡಿ. ಬೂಟ್ ಆಗೋದು ಅಂದ್ರೆ ಯಂತ್ರ ಎದ್ದೇಳೋದು. ಹಳೇದು ಹಳೇ ಥರ ಏಳ್ತಿತ್ತು. ಇದು ಹೊಸ ಥರ ಹುಡುಕ್ತಾ ಇದೆ. ಡಿಸ್ಕಿನಲ್ಲಿ ಎಲ್ಲಾ ಇದೆ, ಇದು ಬೇರೆ ಬಾಗಿಲು ತಟ್ತಾ ಇದೆ ಅಷ್ಟೆ. ಚಾಲೂ ಆಗೋವಾಗ ಎಫ್ ಎರಡು ಅನ್ನೋ ಗುಂಡಿ ಒತ್ತಿ. ಒಂದು ಪಟ್ಟಿ ಬರುತ್ತೆ. ಅದರಲ್ಲಿ ಬೂಟ್ ಅನ್ನೋ ಕಡೆ ಹೋಗಿ ಹಳೇ ಪದ್ಧತಿ ಆರಿಸಿ."

ಒತ್ತಿದ. ಆರಿಸಿದ. ಉಳಿಸಿದ. ಯಂತ್ರ ಗುರುಗುಟ್ಟಿತು. ಪರಿಚಯದ ಚಿಹ್ನೆ ಮೂಡಿತು. ಹಾಲಿನಲ್ಲಿ ಮೂವತ್ತು ಎದೆಗಳು ಒಟ್ಟಿಗೆ ಉಬ್ಬಿದವು. ಮರುಕ್ಷಣ ಪರದೆ ಪೂರ್ತಿ ನೀಲಿಯಾಯಿತು.

"ನೀಲಿಯಾ?" ಎಂದಿತು ಫೋನು. "ಆಗಲೇಬೇಕು. ಹೊಸ ಯಂತ್ರದ ಡಿಸ್ಕ್ ಓದೋಕೆ ಡ್ರೈವರ್ ಅನ್ನೋ ಸಣ್ಣ ಸಾಫ್ಟ್‌ವೇರ್ ಬೇಕು, ಅದು ಹಳೇ ನಕಲಿನಲ್ಲಿ ಇಲ್ಲ. ಯಂತ್ರದ ಜೊತೆ ಒಂದು ಸಿಡಿ ಬಂದಿತ್ತು, ಡ್ರೈವರ್ ಅದರಲ್ಲಿದೆ. ಹುಡುಕಿ."

ಎಲ್ಲರೂ ತುದಿಗಾಲಲ್ಲಿ ಓಡಾಡುತ್ತಾ ಸಿಡಿ ಹುಡುಕತೊಡಗಿದರು. ಸರಿಯಾಗಿ ಆಗಲೇ ಕಚೇರಿಯ ಫೋನು ಬಡಿದುಕೊಂಡಿತು. ಟೀಚರಮ್ಮನ ಕಣ್ಣು ಕೆಂಪಾಯಿತು. ಜವಾನ ಹಾರಿ ಅದನ್ನು ಎತ್ತಿಕೊಂಡ. ಆ ಕಡೆ ಇದ್ದವಳು ಬೀಗಣ್ಣನ ಹೆಂಡತಿ. ಗಂಡ ಊಟಕ್ಕೆ ಯಾಕೆ ಬಂದಿಲ್ಲ ಎಂದು ಕೇಳಲು ಮಾಡಿದ್ದಳು.

ಜವಾನ ಬಾಯಿಗೆ ಕೈ ಅಡ್ಡ ಹಿಡಿದು, ಬೆಳಗಿನಿಂದ ತನ್ನ ಮಂದ ಕಿವಿಗೆ ಬಿದ್ದದ್ದನ್ನೆಲ್ಲ ಒಟ್ಟುಗೂಡಿಸಿ, ಗದ್ಗದ ದನಿಯಲ್ಲಿ ವರದಿ ಒಪ್ಪಿಸಿದ: "ಸರ್ವರ್ ಬಿದ್ದೋಯ್ತಮ್ಮ. ಬೆಳಿಗ್ಗೆಯಿಂದ ಎಬ್ಬಿಸ್ತಾನೇ ಇದಾರೆ, ಏಳ್ತಿಲ್ಲ. ಬೂಟ್ ಆಗ್ತಿಲ್ಲವಂತೆ. ಈಗ ನೀಲಿಯಾಗಿದೆ. ಡ್ರೈವರ್ ಸಿಕ್ಕಿದ್ರೆ ಉಳಿಯುತ್ತಂತೆ, ಎಲ್ಲಾ ಹುಡುಕ್ತಾ ಇದಾರೆ. ನಿಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದಾರೆ."

ಆಕೆಗೆ ಸರ್ವರ್ ಎಂದರೆ ತಟ್ಟೆ ಲೋಟ ತಂದಿಡುವ ಹೋಟೆಲಿನ ಮನುಷ್ಯ. ಕಚೇರಿಯ ಪಕ್ಕದಲ್ಲಿ ಹೋಟೆಲೂ ಇತ್ತು. ಅಲ್ಲಿನ ಸರ್ವರ್ ಒಬ್ಬ ಕಚೇರಿಗೆ ಬಂದವನು ಬಿದ್ದು, ಮೈ ನೀಲಿಗಟ್ಟಿ ಮಲಗಿದ್ದಾನೆ, ಆಸ್ಪತ್ರೆಗೆ ಒಯ್ಯೋಣವೆಂದರೆ ಗಾಡಿಗೆ ಡ್ರೈವರ್ ಸಿಕ್ಕಿಲ್ಲ, ತನ್ನ ಗಂಡ ಸಿಕ್ಕಿಹಾಕಿಕೊಂಡಿದ್ದಾನೆ, ಎಲ್ಲ ಒಂದೇ ಏಟಿಗೆ ಅರ್ಥವಾಗಿಬಿಟ್ಟಿತು. ಬೂಟಿನ ವಿಷಯವೊಂದು ಅರ್ಥವಾಗಲಿಲ್ಲ. ಅದಕ್ಕೆ ತಂದೆಗೇ ಫೋನ್ ಮಾಡಿದಳು.

"ಬೂಟ್ ಆಗ್ತಿಲ್ಲ ಅಂದ್ರೆ ಕಾಲು ಊದಿಕೊಂಡಿದೆ ಅಂತ ಅರ್ಥ ಕಣಮ್ಮ," ಎಂದು ಮಾವ ನಲವತ್ತು ವರ್ಷದ ಅನುಭವದಿಂದ ತೀರ್ಪು ಕೊಟ್ಟರು. "ಬಿದ್ದಿರೋದೂ ಅದಕ್ಕೇ ಇರಬೇಕು, ಬಿಗಿ ಬೂಟು ಹಾಕ್ಕೊಂಡು. ನಾನಿದೀನಲ್ಲ, ನೀನು ಅಳಬೇಡ."

ಇಪ್ಪತ್ತು ನಿಮಿಷಕ್ಕೆ ಕಚೇರಿಯ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಮಾವ ಬಂದರು. ಎಡಗೈಯಲ್ಲಿ ಮೂರು ಜೊತೆ ಅಗಲ ಬೂಟು, ಬಲಗೈಯಲ್ಲಿ ತಮ್ಮ ಸಾಮಾನಿನ ವ್ಯಾನಿನ ಡ್ರೈವರ್. "ಎಲ್ಲಿದಾನೆ ಅವನು?" ಎಂದು ಕೂಗಲು ಬಾಯಿ ತೆರೆದವರು ಒಳಗಿನ ನೋಟ ಕಂಡು ಹಾಗೆಯೇ ನಿಂತರು. ಹುಡುಕಿ ಸೋತ ಮೂವತ್ತು ಜನ ಕೈಕಟ್ಟಿ, ತಲೆತಗ್ಗಿಸಿ, ಮೇಜಿನ ಸುತ್ತ ಮೌನವಾಗಿ ನಿಂತಿದ್ದರು. ಎಲ್ಲೋ ಒಬ್ಬ ಹೆಂಗಸು ಪಿಸುದನಿಯಲ್ಲಿ ಜೋಗುಳ ಹಾಡುತ್ತಿದ್ದಳು. ಮಾವ ಮೆಲ್ಲಗೆ ಚಪ್ಪಲಿ ಬಿಟ್ಟು, ಅಳಿಯನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ಹೋಗಿಬಿಟ್ನಾ?"

"ಇಲ್ಲ ಮಾವ. ನೀಲಿಯಾಗಿದೆ. ಡ್ರೈವರ್ ಸಿಗಬೇಕು."

"ತಂದಿದೀನಿ! ಇಗೋ, ಇಲ್ಲೇ ಇದಾನೆ. ಕಾಲ ಕಡೆ ನಾನು ಹಿಡೀತೀನಿ, ತಲೆ ಕಡೆ ನೀವು ಹಿಡೀರಿ. ಹೆಂಡ್ತಿ ಮಕ್ಕಳಿಗೆ ಹೇಳಿ ಕಳಿಸಿದೀರಾ?"

"ಯಾರ ಹೆಂಡ್ತಿಗೆ ಮಾವ?"

"ಸರ್ವರಿನ ಹೆಂಡ್ತಿಗೆ!"

ಬೀಗಣ್ಣ ಮಾವನ ಮುಖ ನೋಡಿದ. ಕೈಯಲ್ಲಿದ್ದ ಬೂಟು ನೋಡಿದ. ಹಿಂದೆ ನಿಂತು, ಮಲಗಿದವರನ್ನು ಹೇಗೆ ಎತ್ತುವುದೆಂದು ಯೋಚಿಸುತ್ತಾ ತೋಳು ಮಡಚುತ್ತಿದ್ದ ಡ್ರೈವರನನ್ನು ನೋಡಿದ. ಅವನಿಗೆ ನಗು ಬರಲಿಲ್ಲ. ಮಿಕ್ಕ ಮೂವತ್ತು ಜನಕ್ಕೆ ಬಂತು. ಆದರೆ ನಗುವಂತಿಲ್ಲವಲ್ಲ. ಒಬ್ಬೊಬ್ಬರಾಗಿ ಕರವಸ್ತ್ರ, ಸೆರಗು, ಅರ್ಜಿ ಫಾರಂ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡರು. ಸಾಹೇಬರು ಮೇಜಿನ ಕೆಳಗೆ ಏನೋ ಹುಡುಕುವವರಂತೆ ಬಗ್ಗಿ, ಅಲ್ಲೇ ಎರಡು ನಿಮಿಷ ಭುಜ ಕುಣಿಸಿದರು. ಫೋನು ಮಾತ್ರ ಉಸಿರುಗಟ್ಟಿ ಹೇಳಿತು: "ಅಣ್ಣ, ದಯವಿಟ್ಟು ಯಾರೂ ನನ್ನ ನಗಿಸಬೇಡಿ. ನನ್ನ ಹೊಟ್ಟೆ ಕುಣಿದ್ರೆ ಮಗು ಎದ್ದುಬಿಡುತ್ತೆ."

ಸಾಹೇಬರು ಮೇಜಿನ ಕೆಳಗಿನಿಂದ ಏಳುವಾಗ ಅವರ ತಲೆ ಬಡಿದು ಮೇಲಿದ್ದ ಟೀ ಲೋಟ ಅಲುಗಿತು. ಲೋಟದ ಕೆಳಗೆ ಏನೋ ಮಿನುಗಿತು. ಗಡಿಯಾರದವರು ಬೆರಳು ಮಾಡಿ ತೋರಿಸಿದರು. ನಾಲ್ಕು ವರ್ಷದ ಟೀ ಕಲೆ ಉಂಗುರ ಉಂಗುರವಾಗಿ ಹತ್ತಿದ್ದ ಸಿಡಿ.

"ಇದಾ?" ಎಂದು ಸಾಹೇಬರು ತೊದಲಿದರು. "ಯಂತ್ರ ಬಂದಾಗ ಲಕೋಟೇಲಿ ಬೇರೆ ಕಳಿಸಿದ್ರು. ಲೋಟ ಇಡೋಕೆ ಕೊಟ್ಟಿದಾರೆ ಅನ್ಕೊಂಡಿದ್ದೆ ಕಣ್ರೀ."

ಕಲೆ ಹತ್ತಿದ ಸಿಡಿಯನ್ನು ಯಂತ್ರ ಓದುವುದಿಲ್ಲ ಎಂದು ಫೋನು ಹೇಳಿತು. ಆಗ ಮಾವ, ಆಪತ್ತಿನ ಸ್ವರೂಪ ಇನ್ನೂ ಪೂರ್ತಿ ತಲೆಗೆ ಹೋಗದಿದ್ದರೂ, ಕಲೆ ಎಂಬ ಮಾತು ಕಿವಿಗೆ ಬಿದ್ದಿದ್ದೇ ಜೇಬಿನಿಂದ ಮೆತ್ತಗಿನ ಹಳದಿ ಬಟ್ಟೆ ತೆಗೆದರು. ಬಾಯಿಂದ ಹಾ ಎಂದು ಉಸಿರು ಬಿಟ್ಟು, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ರಾಜರ ಬೂಟು ಒರೆಸುವ ಶ್ರದ್ಧೆಯಿಂದ ಒರೆಸಿದರು. ಸಿಡಿಯಲ್ಲಿ ಅವರ ಮೀಸೆಯ ಒಂದೊಂದು ಕೂದಲೂ ಕಾಣುವಂತಾಯಿತು. ಯಂತ್ರ ಅದನ್ನು ನುಂಗಿ ಓದಿತು. ಬೀಗಣ್ಣ ಮತ್ತೆ ಪೆನ್ ಡ್ರೈವ್ ಸಿಕ್ಕಿಸಿ, ಅವಳು ಒಂದೊಂದೇ ಅಕ್ಷರ ಹೇಳಿದ ಹಾಗೆ ಬಡಿದು, ಡ್ರೈವರನ್ನು ಒಳಗೆ ಸೇರಿಸಿದ. ಮೂರೂವರೆ ಗಂಟೆಗೆ ಯಂತ್ರ ನೀಲಿಯಾಗದೆ, ಕಪ್ಪಾಗದೆ, ನೆಟ್ಟಗೆ ಎದ್ದು ನಿಂತಿತು. ಪರದೆಯ ಮೇಲೆ ಹೋದ ಶುಕ್ರವಾರದವರೆಗೆ ಹುಟ್ಟಿದವರು, ಹೋದವರು, ಕೂಡಿದವರು ಎಲ್ಲರೂ ಇದ್ದರು.

"ಶನಿವಾರದಿಂದ ಈಚೆಗೆ ಹುಟ್ಟಿದವರು?" ಎಂದು ಸಾಹೇಬರು ಪಿಸುಗುಟ್ಟಿದರು.

"ಅವರು ಕಂಪ್ಯೂಟರಿನ ಮಟ್ಟಿಗೆ ಇನ್ನೂ ಹುಟ್ಟಿಲ್ಲ ಸಾರ್. ರಿಜಿಸ್ಟರ್ ಪುಸ್ತಕದಲ್ಲಿದಾರೆ. ನಾಳೆ ಕೂತು ಹುಟ್ಟಿಸ್ತೀನಿ," ಎಂದ ಬೀಗಣ್ಣ.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಪಕ್ಕದ ಮೇಜುಗಳ ತಂತಿಗಳೆಲ್ಲ ಬಂದು ಸೇರುವುದು ಬೀಗದ ಕೋಣೆಯಲ್ಲಿ. ಯಂತ್ರವನ್ನು ಅಲ್ಲಿಗೆ ಒಯ್ಯಲೇಬೇಕು. ಬೀಗಣ್ಣ ಅದನ್ನು ಕ್ರಮವಾಗಿ ಆರಿಸಿ, ಪ್ಲಗ್ ಕಿತ್ತ. ವ್ಯಾನಿನ ಡ್ರೈವರ್, ಬಂದಿದ್ದಕ್ಕೆ ಒಂದಾದರೂ ಕೆಲಸ ಆಗಲಿ ಎಂದು, ಅದನ್ನು ರೋಗಿಯ ಹಾಗೆ ಎರಡು ತೋಳಿನಲ್ಲಿ ಎತ್ತಿ ಒಳಗೆ ಒಯ್ದು ಇಳಿಸಿದ. ಪ್ಲಗ್ ಹಾಕಿದರು. ಗುಂಡಿ ಒತ್ತಿದರು.

ಕಪ್ಪು ಪರದೆ. ಬಿಳಿ ಸಾಲು. ಬೂಟ್ ಮಾಡಲು ಏನೂ ಸಿಗಲಿಲ್ಲ.

ಈ ಸಲ ಎಲ್ಲರ ಕಣ್ಣೂ ಮೇಲಕ್ಕೆ ಹೋಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಎಂಟು ನಿಮಿಷ. ಬೀಗಣ್ಣ ಮತ್ತೆ ಆ ಪಟ್ಟಿ ತೆರೆದು ನೋಡಿದ. ಬೂಟಿನ ಪದ್ಧತಿ ಮೊದಲಿನ ಹಾಗೇ ಹೊಸದಕ್ಕೆ ಹೋಗಿ ಕೂತಿತ್ತು. ಮತ್ತೆ ಹಳೆಯದಕ್ಕೆ ಹಾಕಿ ಉಳಿಸಿದ. ಗಾಬರಿಯಲ್ಲಿ ಕಾಲು ತಂತಿಗೆ ತಗುಲಿ ಪ್ಲಗ್ ಕಳಚಿತು. ಮತ್ತೆ ಹಾಕಿದರೆ ಮತ್ತದೇ ಬಿಳಿ ಸಾಲು.

"ಮೇಡಂ, ಇದಕ್ಕೆ ಹೇಳಿದ್ದು ನೆನಪೇ ಉಳೀತಿಲ್ಲ," ಎಂದ ಬೀಗಣ್ಣ. ಆಮೇಲೆ ಸಾಹೇಬರ ಕಡೆ ತಿರುಗಿದ. "ಎಲ್ಲರ ಮುಂದೆ ಹೇಳಿಬಿಡ್ತೀನಿ. ಸಾರ್, ನಾನು ಇದನ್ನ ಕಟ್ಟಿಲ್ಲ ಸಾರ್. ಶುಕ್ರವಾರ ಡಿಸ್ಕ್ ಬದಲಾಯಿಸ್ತೀನಿ, ಅಷ್ಟೇ ನನ್ನ ಕೆಲಸ. ಉಳಿದಿದ್ದೆಲ್ಲ ಬರೀ ಬೊಗಳೆ."

ಸಾಹೇಬರು ಏನೋ ಹೇಳಲು ಹೊರಟರು. ಆಗ ಬೀಗಣ್ಣನ ಬೆನ್ನ ಹಿಂದಿನಿಂದ, ಬೆಳಗಿನಿಂದ ಒಂದೇ ಮಾತು ಆಡಿದ್ದ ಗಡಿಯಾರದವರ ದನಿ ಬಂತು.

"ಈ ಪರದೆ ಮೂಲೇಲಿ ತಾರೀಕು ಆರು ವರ್ಷದ ಹಿಂದಿನದಿದೆಯಲ್ಲ. ಜನವರಿ ಒಂದು. ಹೊತ್ತು ಹನ್ನೆರಡು ಗಂಟೆ ಒಂದು ನಿಮಿಷ."

"ಅದಿರಲಿ ಬಿಡಿ," ಎಂದರು ಸಾಹೇಬರು.

"ಇರಲಿ ಅನ್ನೋ ಹಾಗಿಲ್ಲ. ಕರೆಂಟು ಹೋದಾಗಲೆಲ್ಲ ಹೊತ್ತು ಮರೆತು ತಾನು ತಯಾರಾದ ಕಾಲಕ್ಕೆ ಹೋಗುತ್ತೆ ಅಂದ್ರೆ ಒಳಗಿನ ಬ್ಯಾಟರಿ ಸತ್ತಿದೆ. ಹೊತ್ತನ್ನೇ ಮರೆಯೋದು ನೀವು ಹೇಳಿದ್ದು ಯಾಕೆ ನೆನಪಿಟ್ಟುಕೊಳ್ಳುತ್ತೆ?"

ಈಗ ಫೋನು ಬಾಯಿಬಿಟ್ಟಿತು. "ಅಯ್ಯೋ! ನಾಲ್ಕು ವರ್ಷ ಡಬ್ಬೀಲಿ ಇದ್ದ ಯಂತ್ರ! ನನಗೆ ಹೊಳೀಲೇ ಇಲ್ಲ. ಯಾರದು ಹೇಳಿದ್ದು? ಅವರು ಹೇಳಿದ್ದೇ ಸರಿ. ದುಂಡಗೆ, ಕೋಟಿನ ಗುಂಡಿಯಷ್ಟು ಅಗಲದ ಬ್ಯಾಟರಿ ಇರುತ್ತೆ. ಪ್ಲಗ್ ಕಿತ್ತು ಮುಚ್ಚಳ ತೆಗೀರಿ."

ಟೀಚರಮ್ಮನ ಮುಂದೆ ಆರು ವರ್ಷ ಬಾಯಿ ಬಿಡದ ಮನುಷ್ಯ ಆಗ ಒಂದು ಕ್ಷಣವೂ ಯೋಚಿಸಲಿಲ್ಲ. ಕೋಟಿನ ತೋಳು ಮಡಚಿದರು. ಒಳಜೇಬಿನಿಂದ ಸಣ್ಣ ಚಿಮುಟ, ಸಣ್ಣ ಸ್ಕ್ರೂಡ್ರೈವರ್, ಕಾಗದದ ಪೊಟ್ಟಣ ಹೊರಬಂದವು. ಮುಚ್ಚಳ ತೆಗೆದರು, ಒಂದು ಕಣ್ಣು ಕಿರಿದು ಮಾಡಿ ಇಣುಕಿದರು, ಹಳೇ ಬ್ಯಾಟರಿಯನ್ನು ಚಿಮುಟದಿಂದ ಎತ್ತಿ, ಪೊಟ್ಟಣದಿಂದ ಹೊಸದನ್ನು ತೆಗೆದು ಟಕ್ ಎಂದು ಕೂರಿಸಿದರು. ಎಲ್ಲ ಸೇರಿ ಒಂದು ನಿಮಿಷವಿಲ್ಲ.

"ಮದುವೆಗೆ ಬರೋವಾಗಲೂ ಬ್ಯಾಟರಿ ಇಟ್ಕೊಂಡು ಬಂದಿದೀರಾ?" ಎಂದರು ಟೀಚರಮ್ಮ.

"ನಿಮ್ಮ ಶಾಲೆಯ ಗಂಟೆ ಬಾರಿಸೋ ಟೈಮರಿಗೆ ತಗೊಂಡಿದ್ದೆ. ಮದುವೆ ಆದಮೇಲೆ ಹಾಗೇ ಹೋಗಿ ಹಾಕಿಬಿಡೋಣ ಅಂತ."

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, ಪ್ಲಗ್ ಹಾಕಿದಾಗ ಪರದೆಯ ಮೂಲೆಯಲ್ಲಿ ಮತ್ತೆ ಮೂಡಿದ ಹಳೇ ತಾರೀಕನ್ನು ನೋಡಿ, "ಆ ಜನವರೀಲೇ ಕೇಳಿದ್ರೂ ನಾನು ಹೂಂ ಅಂತಿದ್ದೆ" ಎಂದರು. ಗಡಿಯಾರದವರ ಕಿವಿ ಕೆಂಪಾದದ್ದನ್ನು ಸಾಲಿನ ಕೊನೆಯಲ್ಲಿದ್ದವರೂ ಕಂಡರು.

ಬೀಗಣ್ಣ ತಾರೀಕು ಸರಿಮಾಡಿದ. ಬೂಟನ್ನು ಹಳೇ ಪದ್ಧತಿಗೆ ಹಾಕಿ ಉಳಿಸಿದ. ಯಂತ್ರ ಎದ್ದಿತು. ಮೇಜುಗಳಿಗೆ ಅದು ಇನ್ನೂ ಕಾಣುತ್ತಿರಲಿಲ್ಲ. ಹಳೇ ಪೆಟ್ಟಿಗೆಯ ನೆಟ್‌ವರ್ಕ್ ವಿಳಾಸವನ್ನು ಹೊಸದಕ್ಕೆ ಕೊಡಬೇಕೆಂದು ಫೋನು ಹೇಳಿ, ಸಂಖ್ಯೆಗಳನ್ನು ಒಂದೊಂದಾಗಿ ಬರೆಸಿತು. ನಾಲ್ಕು ನಲವತ್ತಕ್ಕೆ ಹಾಲಿನ ನಾಲ್ಕೂ ಪರದೆಗಳು ಒಂದರ ಹಿಂದೆ ಒಂದು ಬೆಳಗಿದವು.

ಆ ಮದುವೆ ಪಿಸುಮಾತಿನಲ್ಲೇ ನಡೆಯಿತು. ಸಾಹೇಬರು "ಒಪ್ಪಿಗೆಯೇ?" ಎಂದು ಉಸುರಿದರು. ಟೀಚರಮ್ಮ ತಕ್ಷಣ "ಒಪ್ಪಿಗೆ" ಅಂದರು. ಗಡಿಯಾರದವರನ್ನು ಕೇಳಿದಾಗ ಹಾಲಿನಲ್ಲಿ ಎಲ್ಲರೂ ಉಸಿರು ಹಿಡಿದರು. ಮಾವ ಗಡಿಯಾರ ನೋಡಿದರು. ವರ ಮೂರೇ ಸೆಕೆಂಡಿನಲ್ಲಿ "ಒಪ್ಪಿಗೆ" ಅಂದುಬಿಟ್ಟರು. ಸಾಕ್ಷಿಗಳ ಜಾಗದಲ್ಲಿ ಮಾವ, ವ್ಯಾನಿನ ಡ್ರೈವರ್ ಮತ್ತು ಜವಾನ ಸಹಿ ಹಾಕಿದರು. ನಾಲ್ಕು ಐವತ್ತೆರಡಕ್ಕೆ ಪ್ರಿಂಟರ್ ಕಿರುಗುಟ್ಟಿ ಪ್ರಮಾಣಪತ್ರ ಹೊರಹಾಕಿತು. ಸಾಹೇಬರು ಮುದ್ರೆ ಎತ್ತಿ, ಟೀಚರಮ್ಮನ ಮುಖ ನೋಡಿದರು. ಅವರು ನಕ್ಕು ತಲೆಯಾಡಿಸಿದರು. ಆದರೂ ಸಾಹೇಬರು ಮೆಲ್ಲಗೇ ಒತ್ತಿದರು.

ಜನ ಕರಗಿದರು. ಮಾವ ಹೋಗುವಾಗ ಅಗಲ ಬೂಟಿನ ಒಂದು ಜೊತೆಯನ್ನು ಜವಾನನ ಕಾಲಿಗೆ ಹಾಕಿ ನೋಡಿ, "ಇವರಿಗಾದರೂ ಆಯ್ತಲ್ಲ" ಎಂದು ಸಮಾಧಾನಪಟ್ಟುಕೊಂಡು ಅಲ್ಲೇ ಬಿಟ್ಟುಹೋದರು. ಕೋಣೆಯಲ್ಲಿ ಬೀಗಣ್ಣ, ಸಾಹೇಬರು ಮತ್ತು ಫೋನು ಉಳಿದರು. ಫ್ಯಾನು ಹೊಸ ರಾಗದಲ್ಲಿ ಗುಂಯ್‌ಗುಡುತ್ತಿತ್ತು.

"ಅಣ್ಣ, ಇನ್ನೊಂದೇ ಕೆಲಸ," ಎಂದಿತು ಫೋನು. "ಯಂತ್ರ ಆರಿಸಿ, ಪ್ಲಗ್ ಕಿತ್ತು, ಮತ್ತೆ ಹಾಕಿ. ತಾನಾಗಿಯೇ ಏಳುತ್ತಾ ನೋಡಬೇಕು."

ಸಾಹೇಬರು ಎರಡೂ ತೋಳು ಚಾಚಿ ಪ್ಲಗ್ಗಿಗೆ ಅಡ್ಡ ನಿಂತರು. "ಬೇಡ ಕಣ್ರೀ! ಎದ್ದಿರೋದನ್ನ ಯಾಕೆ ಮಲಗಿಸ್ತೀರಿ? ನಾನು ನಿವೃತ್ತಿ ಆಗೋವರೆಗೂ ಹೀಗೇ ಉರೀಲಿ!"

ಬೀಗಣ್ಣ ಪ್ಲಗ್ ನೋಡಿದ, ಸಾಹೇಬರನ್ನು ನೋಡಿದ. ಬೆಳಗಿನಿಂದ ಅವನು ಬೇರೆಯವರು ಹೇಳಿದ್ದನ್ನೇ ಮಾಡಿದ್ದ. "ಸಾರ್, ಇವತ್ತು ಇದು ಬಿದ್ರೆ ಎತ್ತೋಕೆ ಮೇಡಂ ಫೋನಿನಲ್ಲಿದಾರೆ. ಇನ್ನೊಂದು ದಿನ ಕರೆಂಟ್ ಹೋಗಿ ತಾನಾಗಿ ಬಿದ್ರೆ ಯಾರಿರ್ತಾರೆ? ಸ್ವಲ್ಪ ಪಕ್ಕಕ್ಕೆ ಬನ್ನಿ," ಎಂದ. ಸಾಹೇಬರು, ಯಾಕೆಂದು ಅವರಿಗೇ ತಿಳಿಯದೆ, ಪಕ್ಕಕ್ಕೆ ಬಂದರು.

ಬೀಗಣ್ಣ ಯಂತ್ರ ಆರಿಸಿದ. ಪ್ಲಗ್ ಕಿತ್ತ. ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸಿದ. ಸಾಹೇಬರು ಗೋಡೆಯ ಕಡೆ ತಿರುಗಿ ನಿಂತರು. ಅವನು ಪ್ಲಗ್ ಹಾಕಿ ಗುಂಡಿ ಒತ್ತಿದ. ಕಪ್ಪು. ಇನ್ನೂ ಕಪ್ಪು. ಒಂದು ದೀಪ ಮಿಟುಕಿತು. ಚಿಹ್ನೆ ಬಂತು. ಅದು ಹೋಗಿ, ಅಂದಿನ ತಾರೀಕು, ಅಂದಿನ ಹೊತ್ತು, ಕಚೇರಿಯ ಹೆಸರು ಪರದೆಯ ಮೇಲೆ ಹರಡಿಕೊಂಡವು.

"ಬಂತು," ಎಂದು ಬೀಗಣ್ಣ ಪಿಸುಗುಟ್ಟಿದ.

"ಏನಣ್ಣ? ಕೇಳಿಸ್ಲಿಲ್ಲ."

"ಬಂತು ಮೇಡಂ," ಎಂದು ಇನ್ನೂ ಮೆಲ್ಲಗೆ ಪಿಸುಗುಟ್ಟಿದ.

"ಅಯ್ಯೋ, ಮಗು ಎದ್ದು ಅರ್ಧ ಗಂಟೆ ಆಯ್ತು, ಹಾಲು ಕುಡಿದು ಆಡ್ತಾ ಇದೆ. ಜೋರಾಗೇ ಹೇಳಿ!"

ಬೀಗಣ್ಣ ಎದೆ ತುಂಬ ಉಸಿರು ಎಳೆದುಕೊಂಡ. ಆಮೇಲೆ ಅವನು "ಬಂತೂ!" ಎಂದು ಕೂಗಿದ ಕೂಗಿಗೆ ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು, ಜವಾನ ಹೊಸ ಬೂಟಿನಲ್ಲಿ ಧಡಧಡ ಓಡಿಬಂದು "ಯಾರು ಬಂದ್ರು?" ಎಂದ, ಪಕ್ಕದ ಹೋಟೆಲಿನಿಂದ ಸರ್ವರ್ ಇಣುಕಿ "ಬಂದೇ ಸಾರ್, ಬಂದೇ" ಎಂದ. ಫೋನಿನಲ್ಲಿ ಮಗುವೊಂದು ಕೇಕೆ ಹಾಕಿ ನಕ್ಕಿತು. ಸಾಹೇಬರು ಬೀಗಣ್ಣನ ಬೆನ್ನಿಗೆ ಫಟಾರನೆ ಒಂದು ಏಟು ಕೊಟ್ಟು, ಅಲ್ಲೇ ನೆಲದ ಮೇಲೆ ಕೂತು, ದಿನವಿಡೀ ತಡೆದಿಟ್ಟುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೆ ನಕ್ಕುಬಿಟ್ಟರು.